ಸುರಪುರದ ದೊರೆಯ ಸಾವೂ ಒಂದು ಪಿಸ್ತೂಲಿನ ಆಯ್ಕೆಯೂ

ಕಳೆದ ವರ್ಷ ಸುರಪುರದ ಶ್ರೀ ವೇಣುಗೋಪಾಲಸ್ವಾಮಿಯ ಜಾತ್ರೆಗೆಂದು ಊರಿಗೆ ಬಂದಿದ್ದ ನನ್ನ ಹಳೆಯ ಶಿಷ್ಯನೊಬ್ಬನು ಒಂದು ಸಂಜೆ ನಮ್ಮ ಮನೆಗೆ ಬಂದನು. ಆತನು ದೂರದ ಪಟ್ಟಣದಲ್ಲಿ ಉದ್ಯೋಗದಲ್ಲಿರುವವನು. ಪ್ರಾಚೀನ ವಸ್ತುಗಳನ್ನು ಕೂಡಿಸಿಡುವ ಹವ್ಯಾಸವು ಅವನಿಗೆ ಬಾಲ್ಯದಿಂದಲೂ ಉಂಟು. ಹಿತ್ತಾಳೆಯ ಬೀಗಗಳು, ಅಡಕೊತ್ತುಗಳು, ಮಸಿಯ ದೌತಿಗಳು, ಹಳೆಯ ತಕ್ಕಡಿ ಕಲ್ಲುಗಳು ಮುಂತಾದವು ಅವನ ಮನೆಯ ಒಂದು ಕೋಣೆಯನ್ನೇ ತುಂಬಿರುವವು. ಈ ಸಲ ಅವನ ಮನಸ್ಸು ಬೇರೊಂದು ವಸ್ತುವಿನ ಮೇಲೆ ಹೋಗಿತ್ತು.

"ಮಾಸ್ತರ್ರ, ರಾಜಾ ವೆಂಕಟಪ್ಪ ನಾಯಕರ ಕಾಲದ ಕರಿಮದ್ದಿನ ರಿವಾಲ್ವರ್ ಒಂದು ನನ್ನ ಹತ್ರ ಇರಬೇಕು ಅನಸ್ತದ. ಯಾವದು ತಗೋಬೇಕು, ನೀವ ಹೇಳ್ರಿ" ಎಂದು ಕೇಳಿ, ವ್ಯಾಪಾರಿಯೊಬ್ಬನು ಕೊಟ್ಟಿದ್ದ ಒಂದು ಚಿತ್ರವನ್ನು ನನ್ನ ಮುಂದಿಟ್ಟನು. ಪಿಸ್ತೂಲಿನ ನಳಿಗೆಯ ಮೇಲೆ 1858 ಎಂಬ ಅಂಕೆಗಳು ಸ್ಪಷ್ಟವಾಗಿ ಕಾಣುತ್ತಿದ್ದವು. ಸುರಪುರದ ದೊರೆಯು ತೀರಿಕೊಂಡ ವರ್ಷವೇ ಅದಷ್ಟೆ! ವ್ಯಾಪಾರಿಯು ಅದಕ್ಕೆ 'ಸುರಪುರದ ದೊರೆಯ ಪಿಸ್ತೂಲು' ಎಂದು ಹೆಸರನ್ನೂ ಇಟ್ಟು, ಆ ಹೆಸರಿಗೆ ತಕ್ಕ ಬೆಲೆಯನ್ನೂ ಹೇಳಿದ್ದನು.

ತರ್ಕ, ವ್ಯಾಕರಣಗಳನ್ನು ಓದಿ, ಹುಡುಗರಿಗೆ ಪಾಠ ಹೇಳುತ್ತ ಆಯುಷ್ಯವನ್ನು ಕಳೆದ ನನಗೆ ಪಿಸ್ತೂಲಿನ ಪರಿಚಯವೆಲ್ಲಿಯದು? ಶುಕ್ರನೀತಿಯಲ್ಲಿ ನಾಲಿಕವೆಂಬ ಆಯುಧವೂ ಅಗ್ನಿಚೂರ್ಣದ ಪಾಕವೂ ಹೇಳಲ್ಪಟ್ಟಿರುವದನ್ನು ಬಲ್ಲೆನು; ಆ ಗ್ರಂಥವು ಈಗಿರುವ ರೂಪದಲ್ಲಿ ಬಹು ಈಚಿನದೆಂದು ಹಲವು ವಿದ್ವಾಂಸರು ಸಾಧಿಸಿರುವದನ್ನೂ ಬಲ್ಲೆನು. ಆದರೆ ಶಿಷ್ಯನ ಪ್ರಶ್ನೆಯು ಕೇವಲ ಆಯುಧದ ಪ್ರಶ್ನೆಯಾಗಿರಲಿಲ್ಲ. ಅದು ನಮ್ಮ ಸೀಮೆಯ ಇತಿಹಾಸದ ಒಂದು ಗಾಯಕ್ಕೆ ತಗಲುವ ಪ್ರಶ್ನೆಯಾಗಿದ್ದಿತು. ಆದಕಾರಣ ಒಂದು ತಿಂಗಳ ಅವಕಾಶವನ್ನು ಕೇಳಿಕೊಂಡು, ದೊರೆತಷ್ಟನ್ನು ಓದಿ ಅವನಿಗೆ ಹೇಳಿದ ಮಾತುಗಳನ್ನೇ ಇಲ್ಲಿ ವಾಚಕರ ಮುಂದೆ ಇಡುತ್ತಿರುವೆನು.

ಸುರಪುರದ ಬೇಡ ದೊರೆಗಳ ಪರಾಕ್ರಮವು ನಮ್ಮಲ್ಲಿ ಯಾರಿಗೂ ಹೊಸದಲ್ಲ. 1705ರಲ್ಲಿ ಮುದುಕನಾದ ಔರಂಗಜೇಬ ಬಾದಶಹನು ತನ್ನ ಜೀವಮಾನದ ಕಡೆಯ ಮುತ್ತಿಗೆಯನ್ನು ಹಾಕಿದ್ದು ಇಲ್ಲಿಯ ವಾಗಿನಗೇರಿಯ ಕೋಟೆಗೆ. ಪಿಡ್ಡ ನಾಯಕನ ಬೇಡರು ಗುರಿಯಿಟ್ಟು ಬಂದೂಕು ಹಾರಿಸುವದರಲ್ಲಿ ಎಷ್ಟು ನಿಪುಣರೆಂಬದು ಮೊಗಲ ಸೈನ್ಯಕ್ಕೆ ಆಗ ಚೆನ್ನಾಗಿ ತಿಳಿದುಬಂದಿತು. ಕೋಟೆಯು ಬಾದಶಹನ ವಶವಾದರೂ ಬೇಡರ ಸತ್ತ್ವವು ಅಳಿಯಲಿಲ್ಲ; ಸುರಪುರದಲ್ಲಿ ಅವರ ರಾಜ್ಯವು ಮುಂದೆಯೂ ನಡೆಯಿತು. ಆಗಿನ ಬಂದೂಕು ಬತ್ತಿಯ ಬಂದೂಕು. ಒಂದು ಸಲ ಹಾರಿಸಿದ ಮೇಲೆ ಮತ್ತೆ ಮದ್ದು ತುಂಬಿ, ಗುಂಡು ಇಳಿಸಿ, ಗಜದಿಂದ ಜಡಿದು, ಉರಿಯುವ ಬತ್ತಿಯನ್ನು ಸರಿಪಡಿಸಿಕೊಂಡಲ್ಲದೆ ಎರಡನೆಯ ಗುಂಡು ಹೊರಡದು.

ಮುಂದೆ ಒಂದು ಶತಮಾನಕ್ಕೂ ಮಿಕ್ಕ ಕಾಲವು ಕಳೆಯಿತು. ದೊರೆ ಕೃಷ್ಣಪ್ಪ ನಾಯಕನು ತೀರಿಕೊಂಡಾಗ ಮಗ ವೆಂಕಟಪ್ಪನು ಇನ್ನೂ ಬಾಲಕನು. ರಾಜ್ಯದ ಆಡಳಿತವನ್ನು ನೋಡಿಕೊಳ್ಳಲು ಕ್ಯಾಪ್ಟನ್ ಮೆಡೋಸ್ ಟೇಲರನು 1841ರಲ್ಲಿ ಇಲ್ಲಿಗೆ ಬಂದು, 1853ರವರೆಗೆ ಇದ್ದನು. ಗುಡ್ಡದ ಮೇಲೆ ಅವನು ಕಟ್ಟಿಸಿದ ಬಂಗಲೆಯನ್ನು ಜನರು ಇಂದಿಗೂ ಟೇಲರ್ ಮಂಜಿಲ್ ಎಂದೇ ಕರೆಯುತ್ತಾರೆ. ಬಾಲಕನಾದ ದೊರೆಯು ಟೇಲರನನ್ನು 'ಅಪ್ಪಾ' ಎಂದು ಕರೆಯುತ್ತಿದ್ದನು. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಇದರ ಪ್ರಯೋಜನವುಂಟು.

1857ರ ದಂಗೆಯ ಕಾಲದಲ್ಲಿ ಕಂಪನಿಯ ಸರಕಾರವು ಪ್ರಜೆಗಳ ಆಯುಧಗಳನ್ನು ಕಸಿದುಕೊಳ್ಳುವ ಕಾಯಿದೆಯನ್ನು ಮಾಡಿತು. ಅದೇ ವರ್ಷದ ನವೆಂಬರಿನಲ್ಲಿ ಮುಧೋಳ ಸೀಮೆಯ ಹಲಗಲಿಯ ಬೇಡರು ಆಯುಧವನ್ನು ಒಪ್ಪಿಸಲೊಲ್ಲದೆ ಕಾದಿ ಮಡಿದರು. 1858ರ ಫೆಬ್ರವರಿಯಲ್ಲಿ ಸುರಪುರದಲ್ಲಿಯೂ ಕದನವಾಯಿತು. ಇಂಗ್ಲಿಷರ ಕಡೆಯ ಕ್ಯಾಪ್ಟನ್ ನ್ಯೂಬೆರಿಯು ಅದರಲ್ಲಿ ಬಿದ್ದನು. ದೊರೆಯು ರಾತ್ರಿಯಲ್ಲಿ ಊರನ್ನು ಬಿಟ್ಟು ಹೈದರಾಬಾದಿಗೆ ಹೋಗಿ ಅಲ್ಲಿ ಸೆರೆಸಿಕ್ಕಿದನು. ವಿಚಾರಣೆಯಾಗಿ ಮರಣದಂಡನೆಯಾಯಿತು, ರೆಸಿಡೆಂಟನು ಅದನ್ನು ಜೀವಾವಧಿ ಶಿಕ್ಷೆಗೆ ಇಳಿಸಿದನು, ಗವರ್ನರ್ ಜನರಲನು ಮತ್ತೂ ಇಳಿಸಿ, ನಾಲ್ಕು ವರ್ಷ ಮದ್ರಾಸಿನ ಹತ್ತಿರದ ಚೆಂಗಲ್‌ಪಟ್ಟು ಕೋಟೆಯಲ್ಲಿ ಇರಿಸಬೇಕೆಂದು ಆಜ್ಞಾಪಿಸಿದನು. ಆದರೆ ದೊರೆಯು ಆ ಕೋಟೆಯನ್ನು ಕಾಣಲೇ ಇಲ್ಲ. ಸಿಕಂದರಾಬಾದಿನಿಂದ ಹೊರಟ ಮೊದಲ ಮಜಲಿನ ಡೇರೆಯಲ್ಲಿಯೇ ಅವನ ಪ್ರಾಣವು ಒಂದು ರಿವಾಲ್ವರಿನ ಗುಂಡಿನಿಂದ ಹೋಯಿತು. ಅವನಿಗೆ ಆಗ ಇಪ್ಪತ್ತನಾಲ್ಕರ ಪ್ರಾಯ.

ಕಾವಲಿನ ಅಧಿಕಾರಿಯು ತನ್ನ ನಡುಪಟ್ಟಿಯನ್ನು ರಿವಾಲ್ವರಿನ ಸಹಿತ ಬಿಚ್ಚಿ ಕುರ್ಚಿಗೆ ತೂಗುಹಾಕಿ ಹೊರಗೆ ಹೋದನೆಂದೂ, ಸದ್ದು ಕೇಳಿ ತಿರುಗಿ ಬಂದನೆಂದೂ, ಗುಂಡು ಹೊಟ್ಟೆಯಲ್ಲಿ ಹೊಕ್ಕು ಬೆನ್ನೆಲುಬನ್ನು ಭೇದಿಸಿತ್ತೆಂದೂ ಟೇಲರನು ತನ್ನ ಆತ್ಮಕಥೆಯಲ್ಲಿ ಹೇಳಿರುವನು. ಆ ಪುಸ್ತಕವು ಅವನು ತೀರಿಕೊಂಡ ಮರುವರ್ಷ, 1877ರಲ್ಲಿ ಪ್ರಕಟವಾಯಿತು. ಕೈಗೆ ಸಿಕ್ಕುವ ಯಾವ ವಸ್ತುವನ್ನಾದರೂ ಎತ್ತಿ ಆಡಿಸುವ ಚಪಲವು ದೊರೆಗಿತ್ತೆಂಬದನ್ನು ನೆನೆದು, ಇದು ಆಕಸ್ಮಿಕವೇ ಆಗಿರಬೇಕೆಂದು ಟೇಲರನು ತರ್ಕಿಸುತ್ತಾನೆ. ಸೆರೆಯ ಅಪಮಾನವನ್ನು ತಾಳಲಾರದೆ ದೊರೆಯು ತಾನಾಗಿಯೇ ಪ್ರಾಣವನ್ನು ಬಿಟ್ಟನೆಂದು ಕೆಲವರು ಹೇಳುವರು. ಇಂಗ್ಲಿಷರೇ ಕೊಂದು ಕಥೆಯನ್ನು ಕಟ್ಟಿದರೆಂಬ ಮಾತೂ ನಮ್ಮ ಸೀಮೆಯಲ್ಲಿ ಬಾಯಿಂದ ಬಾಯಿಗೆ ಬಂದಿರುವದು. ಹೀಗೆ ಒಂದು ಸಾವಿಗೆ ಮೂರು ಕಥೆಗಳು.

ಇನ್ನು ಪಿಸ್ತೂಲಿನ ಕಡೆಗೆ ಬರುವೆವು. ಕರಿಮದ್ದೆಂದರೆ ಪೆಟ್ಲುಪ್ಪು, ಇದ್ದಿಲು, ಗಂಧಕ ಇವುಗಳ ಮಿಶ್ರಣವು. ನೂರು ಪಾಲಿನಲ್ಲಿ ಪೆಟ್ಲುಪ್ಪು ಸುಮಾರು 75, ಇದ್ದಿಲು 15, ಗಂಧಕ 10. ಹೊಗೆಯಿಲ್ಲದ ಮದ್ದು ಫ್ರಾನ್ಸಿನಲ್ಲಿ ಹುಟ್ಟಿದ್ದು 1884ರಲ್ಲಿ. ಅಲ್ಲಿಯವರೆಗೆ ಜಗತ್ತಿನ ಬಹುತೇಕ ಕೋವಿಗಳಿಗೆ ಕರಿಮದ್ದೇ ಆಹಾರ. 1858ರ ರಿವಾಲ್ವರಿನಲ್ಲಿ ತಿರುಗುವ ಒಂದು ಉರುಳೆಯಿರುವದು. ಅದರಲ್ಲಿ ಐದೋ ಆರೋ ಕುಳಿಗಳು. ಪ್ರತಿಯೊಂದು ಕುಳಿಗೂ ಮುಂದಿನಿಂದ ಮದ್ದನ್ನು ಹಾಕಿ, ಸೀಸದ ಗುಂಡನ್ನು ಜಡಿದು, ಹಿಂದಿನ ಮೊಳೆಗೆ ತಾಮ್ರದ ಕೇಪನ್ನು ಸಿಕ್ಕಿಸಬೇಕು. ಕುದುರೆಯು ಕೇಪಿನ ಮೇಲೆ ಬಡಿದಾಗ ಕಿಡಿ ಹಾರಿ ಮದ್ದು ಹತ್ತುವದು. ನಮ್ಮ ಮಲೆನಾಡಿನವರ ಕೇಪಿನ ಕೋವಿಯ ತತ್ತ್ವವೇ ಇದು; ಉರುಳೆಯೊಂದೇ ವಿಶೇಷ.

ಆಗಿನ ಅಧಿಕಾರಿಗಳು ರಿವಾಲ್ವರನ್ನು ಬಹುಮಟ್ಟಿಗೆ ತಮ್ಮ ಸ್ವಂತ ಹಣದಿಂದಲೇ ಕೊಳ್ಳುತ್ತಿದ್ದರು. ಅವರ ಸೊಂಟದಲ್ಲಿ ಮುಖ್ಯವಾಗಿ ಮೂರು ಜಾತಿಗಳು ಕಾಣುತ್ತಿದ್ದವು.

ಮೊದಲನೆಯದು ಅಮೇರಿಕದ ಕೋಲ್ಟನದು. 1851ರ 'ನೇವಿ' ಮಾದರಿಗೆ ಆರು ಕುಳಿ, ಏಳೂವರೆ ಅಂಗುಲದ ನಳಿಗೆ. ತೂಕ ಸುಮಾರು 1.2 ಕಿಲೋ. ಕೋಲ್ಟನು 1853ರಿಂದ ಕೆಲವು ವರ್ಷ ಲಂಡನ್ನಿನಲ್ಲಿಯೇ ಕಾರ್ಖಾನೆಯನ್ನು ನಡೆಸಿದನು. ಇದರಲ್ಲಿ ಪ್ರತಿಸಲವೂ ಹೆಬ್ಬೆರಳಿನಿಂದ ಕುದುರೆಯನ್ನು ಹಿಂದಕ್ಕೆ ಎಳೆಯಲೇಬೇಕು; ಎಳೆಯದೆ ಬರಿದೇ ಟ್ರಿಗರನ್ನು ಒತ್ತಿದರೆ ಗುಂಡು ಹಾರದು.

ಎರಡನೆಯದು ಇಂಗ್ಲೆಂಡಿನ ರಾಬರ್ಟ್ ಆಡಮ್ಸನದು. 1851ರ ಮಾದರಿಗೆ ಐದು ಕುಳಿ, ಒಂದೇ ತುಂಡಿನ ಗಟ್ಟಿಯಾದ ಚೌಕಟ್ಟು. ಅದರ ಕುದುರೆಗೆ ಹೆಬ್ಬೆರಳನ್ನು ಇಡುವ ಕೊಂಬೇ ಇಲ್ಲ. ಟ್ರಿಗರನ್ನು ಉದ್ದಕ್ಕೆ ಎಳೆದರೆ ಉರುಳೆಯು ತಾನೇ ತಿರುಗಿ, ಕುದುರೆಯು ತಾನೇ ಎದ್ದು, ತಾನೇ ಬಡಿಯುವದು. 1856ರಲ್ಲಿ ಬ್ಯೂಮಾಂಟ್ ಎಂಬ ಸೇನಾಧಿಕಾರಿಯು ಇದನ್ನು ತಿದ್ದಿ, ಹೆಬ್ಬೆರಳಿನಿಂದಲೂ ಟ್ರಿಗರಿನಿಂದಲೂ ಎರಡು ವಿಧವಾಗಿ ನಡೆಯುವಂತೆ ಮಾಡಿದನು. ಇದರ ಸಾಮಾನ್ಯ ಅಳತೆಯು '54'. ಒಂದು ಪೌಂಡು ಸೀಸದಿಂದ ಆ ನಳಿಗೆಗೆ ಹೊಂದುವ 54 ಗುಂಡುಗಳಾಗುವವೆಂದು ಅದರ ಅರ್ಥವು.

ಮೂರನೆಯದು ಬರ್ಮಿಂಗ್‌ಹ್ಯಾಮಿನ ಟ್ರಾಂಟರನದು. 1853ರ ಇದಕ್ಕೆ ಎರಡು ಟ್ರಿಗರುಗಳು. ಕೆಳಗಿನದನ್ನು ಎಳೆದರೆ ಕುದುರೆ ಏಳುವದು, ಮೇಲಿನದನ್ನು ಒತ್ತಿದರೆ ಬಡಿಯುವದು.

ಹೀಗಿರಲು ವ್ಯಾಪಾರಿಯ ಪಿಸ್ತೂಲು ಯಾವದು? ಚಿತ್ರದಲ್ಲಿನ ಅಕ್ಷರಗಳನ್ನು ಭೂತಗನ್ನಡಿಯಿಂದ ಓದಿಸಿದಾಗ ಅದು ಅಮೇರಿಕದ ರೆಮಿಂಗ್ಟನ್ ಕಾರ್ಖಾನೆಯದೆಂದು ತಿಳಿಯಿತು. 1858ರ ಸೆಪ್ಟೆಂಬರ್ 14ನೆಯ ದಿನ ಅದರ ರಚನೆಗೆ ಪೇಟೆಂಟ್ ದೊರೆತುದನ್ನು ಆ ಬರಹವು ಹೇಳುವದೇ ಹೊರತು, ಪಿಸ್ತೂಲು ಹುಟ್ಟಿದ ವರ್ಷವನ್ನಲ್ಲ. ಆ 'ಹೊಸ ಮಾದರಿ' ಎಂದು ಕೊರೆದ ಪಿಸ್ತೂಲುಗಳು ತಯಾರಾದದ್ದು 1863ರ ಈಚೆಗೆ, ಅಮೇರಿಕದ ಅಂತರ್ಯುದ್ಧದ ಕಾಲದಲ್ಲಿ. ಸುರಪುರದ ದೊರೆಯು ಮಣ್ಣಾದ ಮೇಲೆ ಹುಟ್ಟಿದ ಪಿಸ್ತೂಲು ಅವನ ಪ್ರಾಣವನ್ನು ತೆಗೆಯುವದೆಂತು? ಇಂದಿಗೂ ಇಟಲಿಯಲ್ಲಿ ಅದರ ಪ್ರತಿಕೃತಿಗಳನ್ನು ಮಾಡಿ, 1858ರ ಹೆಸರಿನಿಂದಲೇ ಮಾರುತ್ತಿರುವರು. ಅಂಕೆಯು ಸತ್ಯವಾದುದೇ, ಅದರಿಂದ ತೆಗೆದ ಅನುಮಾನವು ಸುಳ್ಳು. ಲಿಂಗವು ಸರಿಯಿದ್ದರೂ ವ್ಯಾಪ್ತಿಯು ಕೆಟ್ಟಲ್ಲಿ ಅನುಮಾನವು ನಿಲ್ಲದೆಂದು ನಮ್ಮ ನೈಯಾಯಿಕರು ಹೇಳುವದು ಇದನ್ನೇ.

ಇದನ್ನು ಕೇಳಿ ಶಿಷ್ಯನ ಮೋರೆ ಬಾಡಿತು. ಸ್ವಲ್ಪ ಹೊತ್ತಿನ ಮೇಲೆ, "ಹಂಗಾದ್ರ ಖರೇನ ಆ ಡೇರೇದಾಗ ಇದ್ದದ್ದು ಯಾವದ್ರಿ?" ಎಂದು ಕೇಳಿದನು.

ಟೇಲರನ ಬರಹದಲ್ಲಿರುವದು ರಿವಾಲ್ವರ್ ಎಂಬ ಒಂದೇ ಹೆಸರು. ಆದರೂ ಮೂರು ಜಾತಿಗಳನ್ನು ಮುಂದಿಟ್ಟುಕೊಂಡು ಆಲೋಚಿಸಿದರೆ ಒಂದು ವಿಚಿತ್ರವು ಹೊಳೆಯುವದು. ಬೇಡರ ದೊರೆಗೆ ಬಂದೂಕು ಹೊಸದಲ್ಲ. ಆದರೆ ಅಂದಿನ ಬಂದೂಕಿನ ಬಳಕೆಯಿದ್ದವನು, ಕುದುರೆಯನ್ನು ಎತ್ತದ ಕೋವಿಯು ನಿರಪಾಯವೆಂದು ನಂಬಿದವನು. ಆಡಮ್ಸನ ಮೊದಲ ಮಾದರಿಯನ್ನು ಅಂಥವನು ಕೈಗೆ ತೆಗೆದುಕೊಂಡು ಕುತೂಹಲದಿಂದ ಟ್ರಿಗರನ್ನು ಎಳೆದುದಾದರೆ, ಅವನ ಬಳಕೆಯೇ ಅವನನ್ನು ವಂಚಿಸುವದು. ಕುದುರೆ ಮಲಗಿದೆಯೆಂದು ಅವನು ತಿಳಿದಿರುವಾಗಲೇ ಅದು ಎದ್ದು ಬಡಿದಿರುವದು. ಆಗ ಆಕಸ್ಮಿಕವೆಂಬ ಟೇಲರನ ಮಾತಿಗೆ ಬಲ ಬರುವದು. ಅದು ಕೋಲ್ಟನದಾಗಿದ್ದರೆ ಕುದುರೆಯನ್ನು ಬೆರಳಿನಿಂದ ಎಳೆದೇ ಹಾರಿಸಬೇಕು. ಆಗ ಉದ್ದೇಶವಿತ್ತೆಂಬ ಮಾತಿಗೆ ಬಲ ಬರುವದು. ಇಲ್ಲಿಯೂ ಒಂದು ಅಪವಾದವುಂಟು: ಕುದುರೆಯು ತುಂಬಿದ ಕುಳಿಯ ಕೇಪಿನ ಮೇಲೆಯೇ ಕುಳಿತಿದ್ದರೆ, ಪಿಸ್ತೂಲು ಕೈಜಾರಿ ಬಿದ್ದ ಪೆಟ್ಟಿಗೂ ಗುಂಡು ಹಾರಬಹುದು. ಟ್ರಾಂಟರನ ಎರಡು ಟ್ರಿಗರುಗಳನ್ನು ಅರಿಯದವನು ಎರಡನ್ನೂ ಒಟ್ಟಿಗೆ ಹಿಡಿದೆಳೆದರೆ ಅದೂ ಹಾರುವದು. ಇನ್ನು ಬೇರೆಯವನೇ ಹಾರಿಸಿದ್ದಾದರೆ ಯಾವ ಜಾತಿಯದಾದರೇನು?

ಗಾಯದ ವಿಷಯವೂ ಹಾಗೆಯೇ. ತನ್ನ ಪ್ರಾಣವನ್ನು ತಾನೇ ತೆಗೆದುಕೊಳ್ಳುವವನು ಹೊಟ್ಟೆಗೆ ಗುರಿಯಿಡುವದು ವಿರಳ. ಸೊಂಟದ ಮಟ್ಟದಲ್ಲಿ ಹಿಡಿದು ಆಡಿಸುವಾಗ ಹಾರಿದರೆ ಹೊಟ್ಟೆಗೆ ತಗಲುವದು ಸಹಜ. ಎದುರಿಗೆ ನಿಂತವನು ಹಾರಿಸಿದರೂ ಅದು ಸಹಜವೇ. ಆದುದರಿಂದ ಇದೂ ಒಂದು ಕಡೆಗೆ ವಾಲುವ ಸಾಕ್ಷ್ಯವೇ ಹೊರತು ನಿರ್ಣಯವಲ್ಲ.

ಟೇಲರನ ಮಾತನ್ನು ಎಷ್ಟರಮಟ್ಟಿಗೆ ಆಪ್ತವಾಕ್ಯವೆಂದು ಎಣಿಸಬೇಕು? ಅವನು ಆ ಡೇರೆಯಲ್ಲಿದ್ದು ಕಂಡವನಲ್ಲ, ಕೇಳಿ ಬರೆದವನು. ದ್ವೇಷದಿಂದ ಬರೆದನೆನ್ನುವಂತಿಲ್ಲ, ಅವನ ಬರವಣಿಗೆಯಲ್ಲಿ ತಂದೆಯ ಸಂಕಟವು ಕಾಣುವದು. ಆದರೆ ವಾತ್ಸಲ್ಯವೂ ಒಂದು ಪರದೆಯೇ. 'ಅಪ್ಪಾ' ಎಂದು ಕರೆದ ಹುಡುಗನು ತಾನಾಗಿ ಪ್ರಾಣವನ್ನು ಬಿಟ್ಟನೆಂದು ಒಪ್ಪಿಕೊಳ್ಳಲು ಯಾವ ತಂದೆಯ ಮನಸ್ಸು ಸುಲಭವಾಗಿ ಬಂದೀತು? ತನ್ನ ಜನರಲ್ಲಿ ಒಬ್ಬನು ಕೊಂದನೆಂದು ಒಪ್ಪಿಕೊಳ್ಳಲಾದರೂ ಹೇಗೆ ಬಂದೀತು? ಉಳಿದ ದಾರಿಯು ಆಕಸ್ಮಿಕವೊಂದೇ. ಅದು ಸತ್ಯವೂ ಆಗಿರಬಹುದು. ಆದರೆ ನಮಗೆ ಬೇಕಾದುದು ಸತ್ಯವೂ ಆಗಿರುವಲ್ಲಿ ಎರಡು ಸಲ ಪರೀಕ್ಷಿಸಬೇಕೆಂಬದು ನನ್ನ ಅಭಿಪ್ರಾಯವು. ಇದೇ ಮಾತು, ಇಂಗ್ಲಿಷರೇ ಕೊಂದರೆಂದು ಆವೇಶದಿಂದ ಹೇಳುವ ನಮಗೂ ಸಲ್ಲುವದು.

ದೊರೆಯು ಇಪ್ಪತ್ತನಾಲ್ಕನೆಯ ವರ್ಷದಲ್ಲಿ ಅಳಿಯುವನೆಂದು ಜಾತಕದಲ್ಲಿ ಬರೆದಿತ್ತೆಂಬ ಸಂಗತಿಯನ್ನೂ ಟೇಲರನು ಹೇಳಿರುವನು. ಶಿಕ್ಷೆಯು ಇಳಿದಾಗ ಆ ಭವಿಷ್ಯವು ಸುಳ್ಳಾಯಿತೆಂದು ತೋರಿ, ಮೊದಲ ಮಜಲಿನಲ್ಲಿಯೇ ನಿಜವಾಯಿತಂತೆ. ಪಾಠಶಾಲೆಯಲ್ಲಿ ಜ್ಯೋತಿಷವನ್ನೂ ಸ್ವಲ್ಪ ಓದಿದವನಾದರೂ ನಾನು ಇದನ್ನು ಕಾಕತಾಲೀಯವೆಂದೇ ಎಣಿಸುವೆನು. ಕಾಗೆ ಕುಳಿತುದಕ್ಕೂ ತಾಳೆಯ ಹಣ್ಣು ಬಿದ್ದುದಕ್ಕೂ ಕಾಲವು ಒಂದೇ, ಕಾರಣವು ಒಂದಲ್ಲ.

ಈ ಮಾತುಗಳು ನಡೆಯುತ್ತಿರುವಾಗ ಶಿಷ್ಯನ ತಾಯಿಯವರೂ ಬಂದು ಕುಳಿತಿದ್ದರು. ಅವರು ಸುರಪುರದ ಹಳೆಯ ಮನೆತನದವರು. "ದೊರಿ ಜೀವಾ ತಗದದ್ದನ್ನ ರೊಕ್ಕಾ ಕೊಟ್ಟು ತಂದು ಮನ್ಯಾಗ ಇಡ್ತೀಯೇನಪಾ? ದಿನಾ ಅದರ ಮಾರಿ ನೋಡಿ ಏನ ನೆನಸ್ಬೇಕು ನಾವು?" ಎಂದು ಕೇಳಿದರು. ಶಿಷ್ಯನು ತಲೆಯನ್ನು ತಗ್ಗಿಸಿದನು. ಆ ಪ್ರಶ್ನೆಯನ್ನು ಅಪಶಕುನದ ಭಯವೆಂದು ಮೊದಲು ನಾನೂ ತಿಳಿದೆನು. ಆಮೇಲೆ ಆಲೋಚಿಸಿದಾಗ, ನಾನು ಹೇಳಿದ ತರ್ಕವೆಲ್ಲಕ್ಕಿಂತ ಅದೇ ದೊಡ್ಡ ಪ್ರಶ್ನೆಯೆಂದು ತೋರಿತು. ಯಾವದನ್ನು ನೆನೆಯಲು ನಾವು ವಸ್ತುಗಳನ್ನು ಕಾಪಾಡುವೆವು? ದೊರೆಯ ಸಾವನ್ನು ಬೆಲೆಗೆ ಹಚ್ಚಿದ ವ್ಯಾಪಾರಿಗೆ ಹಣವನ್ನು ಕೊಟ್ಟರೆ, ನಾವು ಕೊಂಡದ್ದು ಇತಿಹಾಸವಲ್ಲ; ಆ ಸಾವಿನ ಮೇಲೆ ಹಚ್ಚಿದ ಬಣ್ಣವನ್ನು.

ಆದಕಾರಣ ಶಿಷ್ಯನಿಗೆ ನಾನು ಕೊಟ್ಟ ಸಲಹೆಯು ಹೀಗಿದ್ದಿತು. ಒಂದನೆಯದಾಗಿ, ಯಾವ ಪಿಸ್ತೂಲನ್ನಾದರೂ 'ದೊರೆಯದು' ಎಂಬ ಹೆಸರಿಗಾಗಿ ಕೊಳ್ಳಬೇಡ. ಆ ಹೆಸರಿಗೆ ಕೊಟ್ಟ ಹಣವೆಲ್ಲವೂ ಹಾನಿ. ಎರಡನೆಯದಾಗಿ, ಅಂದಿನ ಅಧಿಕಾರಿಗಳು ಧರಿಸುತ್ತಿದ್ದ ಜಾತಿಯದೊಂದು ಬೇಕೆಂದರೆ ಆಡಮ್ಸನ ಅಥವಾ ಬ್ಯೂಮಾಂಟ್ ಆಡಮ್ಸನ ಮಾದರಿಯನ್ನು ನೋಡು. ಅದರ ಮೇಲೆ ಲಂಡನ್ ಅಥವಾ ಬರ್ಮಿಂಗ್‌ಹ್ಯಾಮಿನ ಪರೀಕ್ಷಾಲಯದ ಮುದ್ರೆಗಳಿವೆಯೇ ಎಂದು ಪರೀಕ್ಷಿಸು. ಕೋಲ್ಟನದಾದರೆ ಚೌಕಟ್ಟು, ನಳಿಗೆ, ಉರುಳೆಗಳ ಮೇಲಿನ ಕ್ರಮಸಂಖ್ಯೆಗಳು ಒಂದಕ್ಕೊಂದು ಹೊಂದುವವೋ ಇಲ್ಲವೋ ನೋಡು. ಹೊಂದದಿದ್ದರೆ ಹಲವು ಪಿಸ್ತೂಲುಗಳ ತುಂಡುಗಳನ್ನು ಕೂಡಿಸಿದ್ದೆಂದು ತಿಳಿ. ಹುಣಸೆಹುಳಿ ಹಚ್ಚಿ ತಿಕ್ಕಿ ಬೆಳಗಿಸಿದ್ದನ್ನು ಕೊಳ್ಳಬೇಡ; ಕಾಲದ ಕಂದು ಬಣ್ಣವೇ ಅದರ ಜನ್ಮಪತ್ರಿಕೆಯು. ಕೈಗೆ ಬಂದೊಡನೆ ಅದು ತುಂಬಿರುವದೆಂದೇ ಭಾವಿಸಿ, ಬಲ್ಲವನಿಂದ ಪ್ರತಿಯೊಂದು ಕುಳಿಯನ್ನೂ ಪರೀಕ್ಷಿಸಿಸು. ನೂರು ವರ್ಷ ಮದ್ದು ಒಳಗೇ ಉಳಿದ ಹಳೆಯ ಕೋವಿಗಳುಂಟು, ಒಣಗಿದ ಕರಿಮದ್ದು ಮುದಿಯಾದರೂ ಸಾಯುವದಿಲ್ಲ.

ಮೂರನೆಯದಾಗಿ, ಕಾಯಿದೆಯನ್ನು ಮೀರಬೇಡ. 1959ರ ಆಯುಧ ಕಾಯಿದೆಯ ಪ್ರಕಾರ ಬಂದೂಕು ಪಿಸ್ತೂಲುಗಳಿಗೆ ಪರವಾನಿಗೆ ಬೇಕು. ಅದರ 45ನೆಯ ಕಲಮು ಹಳೆಯ ಮಾದರಿಯ, ಪ್ರಾಚೀನ ಬೆಲೆಯುಳ್ಳ ಆಯುಧಗಳಿಗೆ ವಿನಾಯತಿಯನ್ನು ಕೊಡುವದು ದಿಟ. ಆದರೆ ದುರಸ್ತಿ ಮಾಡಿದರೂ ಹಾರಿಸಲು ಬಾರದಂಥವುಗಳಿಗೆ ಮಾತ್ರ. ಹಳೆಯದೆಂಬ ಒಂದೇ ಕಾರಣದಿಂದ ವಿನಾಯತಿಯಿಲ್ಲ. ಹಾರುವ ಸ್ಥಿತಿಯಲ್ಲಿರುವ ಕೇಪಿನ ರಿವಾಲ್ವರು ಕಾಯಿದೆಯ ಕಣ್ಣಿಗೆ ರಿವಾಲ್ವರೇ. ಯಾವದು ಯಾವ ವರ್ಗಕ್ಕೆ ಸೇರುವದೆಂಬದನ್ನು ಜಿಲ್ಲೆಯ ಅಧಿಕಾರಿಗಳಿಂದ ಬರವಣಿಗೆಯಲ್ಲಿ ತಿಳಿದುಕೊಂಡೇ ಕೊಳ್ಳಬೇಕು. ವ್ಯಾಪಾರಿಯ ಬಾಯಿಮಾತನ್ನು ನಂಬಬಾರದು. ನೂರು ವರ್ಷವನ್ನು ದಾಟಿದ ವಸ್ತುವಾದುದರಿಂದ 1972ರ ಪ್ರಾಚ್ಯವಸ್ತುಗಳ ಕಾಯಿದೆಯನ್ನೂ ಮರೆಯಬಾರದು. ಅಂಥದನ್ನು ದೇಶದ ಹೊರಗೆ ಒಯ್ಯುವದು ಅಪರಾಧವು.

ಕಡೆಯದಾಗಿ, ಮೊದಲು ಚೀಟಿಯನ್ನು ಬರೆ, ಆಮೇಲೆ ವಸ್ತುವನ್ನು ಕೊಳ್ಳು ಎಂದು ಹೇಳಿದೆನು. ವಸ್ತುವಿನ ಪಕ್ಕದಲ್ಲಿ ಇಡುವ ಚೀಟಿಯಲ್ಲಿ ಸತ್ಯವಾದ ಎಷ್ಟು ಮಾತುಗಳನ್ನು ಬರೆಯಬಲ್ಲೆವೋ ಅಷ್ಟೇ ಅದರ ನಿಜವಾದ ಬೆಲೆಯು.

ಶಿಷ್ಯನು ಆ ರೆಮಿಂಗ್ಟನ್ನನ್ನು ಕೊಳ್ಳಲಿಲ್ಲ. ಬೇರೆ ಯಾವದನ್ನೂ ಈವರೆಗೆ ಕೊಂಡಿಲ್ಲ. ಕೆಲವು ದಿನಗಳ ಮೇಲೆ ಅವನಿಂದ ಒಂದು ಕಾಗದ ಬಂದಿತು. ಅದರಲ್ಲಿ ಅವನು ಬರೆದಿದ್ದ ಚೀಟಿಯ ಒಕ್ಕಣೆಯು ಇದು: 'ಆಡಮ್ಸ್ ಮಾದರಿಯ ಐದು ಕುಳಿಯ ರಿವಾಲ್ವರು. 1858ರ ಸುಮಾರಿಗೆ ಇಂಗ್ಲಿಷ್ ಅಧಿಕಾರಿಗಳು ಇಂಥವನ್ನು ಧರಿಸುತ್ತಿದ್ದರು. ಸುರಪುರದ ರಾಜಾ ವೆಂಕಟಪ್ಪ ನಾಯಕರು ಆ ವರ್ಷ ಒಬ್ಬ ಅಧಿಕಾರಿಯ ರಿವಾಲ್ವರಿನ ಗುಂಡಿನಿಂದ ತೀರಿಕೊಂಡರು. ಇದು ಆ ರಿವಾಲ್ವರು ಅಲ್ಲ.' ಕಡೆಯ ವಾಕ್ಯವನ್ನು ತಾಯಿಯವರು ಹೇಳಿ ಬರೆಯಿಸಿದರಂತೆ. ನಾಲ್ಕು ವಾಕ್ಯಗಳಲ್ಲಿ ತಿದ್ದಬೇಕಾದುದು ನನಗೆ ಯಾವದೂ ಕಾಣಲಿಲ್ಲ.

1860ರಲ್ಲಿ ಸುರಪುರವು ನಿಜಾಮರ ರಾಜ್ಯಕ್ಕೆ ಸೇರಿತು. 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂದಿತು. 2010ರಿಂದ ಯಾದಗಿರಿ ಜಿಲ್ಲೆಯಲ್ಲಿ ಇರುವದು. ಇಷ್ಟು ಕೈಗಳನ್ನು ದಾಟಿದ ಸೀಮೆಯಲ್ಲಿ ಕಾಗದಪತ್ರಗಳು ಚದರಿಹೋಗುವದು ಆಶ್ಚರ್ಯವಲ್ಲ. ಯಾದಗಿರಿ, ಶಹಾಪುರ, ಸುರಪುರಗಳ ಎಷ್ಟೋ ಮನೆಗಳ ಅಟ್ಟದ ಮೇಲೆ ತುಕ್ಕುಹಿಡಿದ ಕತ್ತಿ, ಮುರಿದ ಕೋವಿಯ ನಳಿಗೆ, ಬಟ್ಟೆಯಲ್ಲಿ ಕಟ್ಟಿದ ಕಾಗದದ ಗಂಟು ಇರಬಹುದು. ಅವು ಯಾರವು, ಎಲ್ಲಿಂದ ಬಂದವು ಎಂಬದನ್ನು ಬಲ್ಲ ಹಿರಿಯರು ಇನ್ನೂ ನಮ್ಮೊಡನಿರುವಾಗಲೇ ಒಂದು ಚೀಟಿಯನ್ನು ಬರೆದು ಅದಕ್ಕೆ ಕಟ್ಟಿಡಬೇಕೆಂದು ವಾಚಕರಲ್ಲಿ ನನ್ನ ಪ್ರಾರ್ಥನೆ. ತಿಳಿದಷ್ಟನ್ನೇ ಬರೆದರೆ ಸಾಕು. ಸುಳ್ಳನ್ನು ಸೇರಿಸದಿದ್ದರೆ ಆಯಿತು.